ಕೆಂಪು ದೀಪಕ್ಕೆ ಶಾಂತಿ

ಬಸವಂತ್ರಾಯನ ಮೇಲೆ ಸೇಡು ತೀರಿಸಿಕೊಳ್ಳಲು ನನಗೆ ಬೇಕಾಗಿದ್ದು ಒಂದೇ ಒಂದು ಅಕ್ಷರ. ಅದನ್ನು ಎಲ್ಲಿ ಬರೆಯಬೇಕು ಎಂದು ತಿಳಿಯುವುದಕ್ಕೆ ಎರಡು ವರ್ಷ ಹಿಡಿಯಿತು. ಅದರಿಂದ ನನ್ನ ಕೆಲಸ ಹೋಯಿತು, ಹೋಗಲಿ. ಪಶ್ಚಾತ್ತಾಪಪಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಅಷ್ಟು ಜನರ ಎದುರು ಅವನ ಮುಖ ಬಿಳಚಿಕೊಂಡದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ನನ್ನ ಹೆಸರು ಸುಮಲತಾ. ನಮ್ಮೂರು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿದೆ, ಕೈ ಮಾಡಿದರೆ ಮಾತ್ರ ಬಸ್ಸು ನಿಲ್ಲುತ್ತದೆ. ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಬಾಲಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೆ ಸುತ್ತಲಿನ ಹತ್ತು ಹಟ್ಟಿಗಳಲ್ಲಿ ಯಾವ ಕುರಿಗೆ ಸೂಜಿ ಹಾಕಬೇಕಾದರೂ ಅವನನ್ನೇ ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಅಡ್ಡ ತಿರುಗಿದ ಮರಿಯನ್ನು ಜೀವಂತ ಹೊರಗೆ ತೆಗೆಯಲು ಅವನೇ ಬೇಕು, ಕಾಲು ಮುರಿದ ಟಗರಿಗೆ ಬಿದಿರಿನ ಪಟ್ಟಿ ಕಟ್ಟಲು ಅವನೇ ಬೇಕು. ಬಾಲಪ್ಪನ ಕೈಗುಣ ಚಲೋ ಅದ ಎಂದು ಜನ ಹೇಳುವುದನ್ನು ಕೇಳಿಕೊಂಡೇ ನಾನು ಬೆಳೆದೆ. ಬೇರೆಯವರ ಅಪ್ಪಂದಿರಿಗೆ ಹೊಲವಿತ್ತು, ನೌಕರಿಯಿತ್ತು. ನಮ್ಮಪ್ಪನಿಗೆ ಇದ್ದದ್ದು ಕೈಗುಣ.

ಎರಡು ವರ್ಷದ ಹಿಂದೆ, ಮೇ ಹನ್ನೆರಡರಂದು, ಅಪ್ಪ ಶಹಾಪುರದ ಕುರಿಗಾರರ ಸಂಘಕ್ಕೆ ಹೋಗಿ ನಾಲ್ಕು ಹಟ್ಟಿಗಳಿಗೆ ಬೇಕಾದ, ಹಿರೇಬ್ಯಾನಿ ಎಂಬ ಕುರಿರೋಗದ ಲಸಿಕೆ ತಂದ. ಐಸ್ ತುಂಬಿದ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಮರುದಿನ ನಸುಕಿನಿಂದ ಹೊತ್ತೇರುವ ತನಕ ಒಂದೂ ಬಿಡದೆ ಎಲ್ಲ ಕುರಿಗಳಿಗೂ ಹಾಕಿದ. ನಲವತ್ತು ದಿನ ಕಳೆಯುವುದರೊಳಗೆ ಹಿರೇಬ್ಯಾನಿ ಬಂತು. ಮೂಗು ಕಟ್ಟಿ, ಬಾಯಿ ಹುಣ್ಣಾಗಿ, ಉಚ್ಚಿಕೊಂಡು ಉಚ್ಚಿಕೊಂಡು ನಾಲ್ಕು ಹಟ್ಟಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಕುರಿ ಸತ್ತವು. ನಮ್ಮವೂ ಹೋದವು. ಮಲ್ಲಾಬಾಯಿಯ ಹಟ್ಟಿಯಂತೂ ಬರಿದಾಯಿತು.

ಲಸಿಕೆ ಹಾಕಿಯೂ ಕುರಿ ಸತ್ತದ್ದು ಹೇಗೆ ಎಂದು ಜನ ಸಂಘವನ್ನು ಕೇಳಿದರು. ಸಂಘದಿಂದ ಒಂದು ಕಾಗದ ಬಂತು. ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ನಿಂತು ಒಬ್ಬ ಅದನ್ನು ಓದಿದ. ಲಸಿಕೆಯನ್ನು ಒಯ್ದ ವ್ಯಕ್ತಿಯು ದಾರಿಯಲ್ಲಿ ಅದನ್ನು ಬಿಸಿಲಿನಲ್ಲಿ ಇರಿಸಿದ್ದರಿಂದ ಲಸಿಕೆಯು ಶಕ್ತಿ ಕಳೆದುಕೊಂಡಿದೆ ಎಂದು ಅದರಲ್ಲಿತ್ತು. ಕೆಳಗೆ ಸಹಿ: ಬಸವಂತ್ರಾಯ, ಲಸಿಕೆ ವಿಭಾಗದ ಮೇಲ್ವಿಚಾರಕ.

ಓದಿ ಮುಗಿದ ಮೇಲೆ ಮಲ್ಲಾಬಾಯಿ ಎದ್ದು ನಿಂತಳು. ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವಳು, ಕುರಿಗಾರರಲ್ಲಿ ಅವಳ ಮಾತು ಅಂದರೆ ಮಾತು.

"ಬಾಲಪ್ಪಾ, ನಿನ್ನ ಕೈಗುಣ ಕೆಟ್ಟೈತಿ. ಇನ್ನ ಮ್ಯಾಲ ನಮ್ಮ ಹಟ್ಟಿಗಿ ಕಾಲಿಡಬ್ಯಾಡ."

ಅಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಮನೆಗೆ ಬಂದ. ಅಂದಿನಿಂದ ಯಾರೂ ಅವನನ್ನು ಕರೆಯಲಿಲ್ಲ. ಊರಲ್ಲಿ ಮರಿ ಅಡ್ಡ ತಿರುಗಿದರೆ ಹುಣಸಗಿಯಿಂದ ಡಾಕ್ಟರು ಬರುವ ತನಕ ಕಾದರು, ಬರುವಷ್ಟರಲ್ಲಿ ತಾಯಿ ಮರಿ ಎರಡೂ ಸತ್ತವು, ಆದರೂ ಎದುರಿನ ಮನೆಯಲ್ಲಿ ಕೂತಿದ್ದ ಅಪ್ಪನನ್ನು ಕರೆಯಲಿಲ್ಲ. ಅವ್ವ ರೇಣಮ್ಮ ದಿನಾ ಬೆಳಿಗ್ಗೆ ಬಸವಂತ್ರಾಯನಿಗೆ ಶಾಪ ಹಾಕಿಯೇ ಒಲೆ ಹಚ್ಚುತ್ತಿದ್ದಳು. ಅಪ್ಪ ಮಾತ್ರ ಅವನ ಹೆಸರನ್ನು ಒಂದು ದಿನವೂ ಎತ್ತಲಿಲ್ಲ. ಇವನಿಗೆ ಸಿಟ್ಟೇ ಬರುವುದಿಲ್ಲವೇನೋ ಅಂದುಕೊಂಡೆ. ಅವನಿಗೆ ಬರಬೇಕಾದ ಸಿಟ್ಟೆಲ್ಲ ನನಗೇ ಬಂತು.

ನಾನು ಡಿಪ್ಲೊಮಾ ಮುಗಿಸಿ ಯಾದಗಿರಿಯಲ್ಲಿ, ಸ್ಟೇಷನ್ ರಸ್ತೆಯ ಜಾಹೀದ ಸಾಹೇಬರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಂಪ್ಯೂಟರು, ಬ್ಯಾಟರಿ, ಕ್ಯಾಮರಾ, ಏನು ಕೆಟ್ಟರೂ ನಮ್ಮಲ್ಲಿಗೆ ತರುತ್ತಿದ್ದರು. ಈ ವರ್ಷ ಮಾರ್ಚಿನಲ್ಲಿ ಒಂದು ದಿನ ಸಾಹೇಬರು ಫೋನಿಟ್ಟು ನನ್ನ ಕಡೆ ತಿರುಗಿದರು.

"ಬೇಟಿ, ಶಹಾಪುರದಾಗ ಕುರಿಗಾರರ ಸಂಘ ಅದ ನೋಡು. ಅವರ ಥಂಡಿ ಕೋಣಿ ಕಂಪ್ಯೂಟರಿನ ಬ್ಯಾಟರಿ ಹೋಗ್ಯಾದಂತ. ಜರಾ ಹೋಗಿ ಬಾ."

ಸಾಹೇಬರಿಗೆ ನಮ್ಮ ಮನೆಯ ಕಥೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಬ್ಯಾಟರಿ ಎತ್ತಿಕೊಂಡು ಶಹಾಪುರದ ಬಸ್ಸು ಹತ್ತಿದೆ.

ಬಸವಂತ್ರಾಯ ರಾಕ್ಷಸನಂತೆ ಇರುತ್ತಾನೆ ಎಂದು ನಾನು ಕಲ್ಪಿಸಿಕೊಂಡಿದ್ದೆ. ನೋಡಿದರೆ ಹಣೆಗೆ ವಿಭೂತಿ ಹಚ್ಚಿಕೊಂಡ, ಮೆಲ್ಲಗೆ ಮಾತಾಡುವ ಮನುಷ್ಯ. "ಬಿಸಲಾಗ ಬಂದೀಯವ್ವ, ಮೊದಲ ನೀರು ಕುಡಿ" ಎಂದು ತಾನೇ ಚರಿಗೆ ತಂದುಕೊಟ್ಟ. ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು. ಕೆಟ್ಟವನು ಕೆಟ್ಟವನ ಹಾಗೆ ಇರುವುದಕ್ಕೇನು ಧಾಡಿ? ನೀರು ಕುಡಿಯಲಿಲ್ಲ, ಉಪವಾಸ ಎಂದು ಸುಳ್ಳು ಹೇಳಿದೆ.

ಲಸಿಕೆ ಇಡುವ ಥಂಡಿ ಕೋಣೆಯ ಬಾಗಿಲಿನ ಮೇಲೆ, ಊಟದ ಡಬ್ಬಿಯಷ್ಟು ದೊಡ್ಡದೊಂದು ಕಂಪ್ಯೂಟರನ್ನು ಗೋಡೆಗೆ ಜಡಿದಿದ್ದರು. ಅದರ ಮುಖದಲ್ಲಿ ಮೂರು ದೀಪ. ಹಸಿರು ಹತ್ತಿದ್ದರೆ ಕರೆಂಟು ಇದೆ, ಹಳದಿ ಹತ್ತಿದ್ದರೆ ಯಂತ್ರ ಕೆಲಸ ಮಾಡುತ್ತಿದೆ, ಕೆಂಪು ಮಿಣುಕಿದರೆ ಒಳಗಿನ ಥಂಡಿ ಕಡಿಮೆಯಾಗಿದೆ ಎಂದರ್ಥ. ಬ್ಯಾಟರಿ ಬದಲಿಸುವಾಗ ಕೋಣೆಯ ಬಾಗಿಲು ಬಹಳ ಹೊತ್ತು ತೆರೆದಿತ್ತು. ಕೆಂಪು ದೀಪ ಮಿಣುಕಲು ಶುರುಮಾಡಿತು. ನಾನು ಬಾಗಿಲು ಹಾಕಲು ಹೋದೆ. ಬಸವಂತ್ರಾಯ ಬಾಗಿಲ ಕಡೆ ನೋಡಲೇ ಇಲ್ಲ. ಮೇಜಿನ ಮೇಲಿನ ಪರದೆಯಲ್ಲಿ ಒಂದು ಚಿತ್ರದ ಮೇಲೆ ಎರಡು ಸಲ ಒತ್ತಿದ. ಕೆಂಪು ದೀಪ ಆರಿತು. ಚಿತ್ರದ ಕೆಳಗೆ ಕನ್ನಡದಲ್ಲಿ 'ಶಾಂತಿ' ಎಂದು ಬರೆದಿತ್ತು.

"ಏನ್ರಿ ಸರ ಇದು?" ಎಂದೆ.

"ಇದಾ? ಮೊದಲು ಬರ್ತಿದ್ದ ಎಂಜಿನಿಯರ್ ಮಾಡಿಕೊಟ್ಟು ಹೋಗ್ಯಾನ. ಈ ಕೆಂಪು ದೀಪಕ್ಕ ಸೊಕ್ಕು ಭಾಳ. ದೊಡ್ಡ ಮಂದಿ ಬಂದಾಗೇ ಮಿಣಕ್ ಮಿಣಕ್ ಅಂತದ. ಗ್ರಹಕ್ಕ ಶಾಂತಿ ಮಾಡಸ್ತೀವಲ್ಲ, ಹಂಗ ಇದಕ್ಕೂ ಒಂದು ಶಾಂತಿ. ಆರು ತಾಸು ಉಸಿರೆತ್ತಂಗಿಲ್ಲ."

"ಒಳಗ ಖರೇನ ಬಿಸಿ ಆಗಿದ್ರ?"

"ದೀಪ ಆರಿತಂದ್ರ ಎಲ್ಲಾ ಬರೋಬ್ಬರಿ ಅದ ಅಂತ ತಿಳ್ಕೋ" ಎಂದು ನಕ್ಕ.

ಮನುಷ್ಯರಲ್ಲಿ ಇಂಥವರಿರುತ್ತಾರೆ. ಜ್ವರ ಬಂದರೆ ಥರ್ಮಾಮೀಟರನ್ನು ಬೈಯುವವರು. ಅವನು ಊಟಕ್ಕೆ ಹೋದ ಮೇಲೆ ನಾನು ಯಂತ್ರದ ಮುಂದೆ ಕೂತು ಒಳಗೆ ಏನಿದೆ ಎಂದು ನೋಡಿದೆ.

ಈ ಜಾತಿಯ ಕಂಪ್ಯೂಟರಿನಲ್ಲಿ ಎಲ್ಲವೂ ಫೈಲು. ಕೀಲಿಮಣೆ ಒಂದು ಫೈಲು, ಪರದೆ ಒಂದು ಫೈಲು, ದೀಪವೂ ಒಂದು ಫೈಲು. ಡೆವ್ ಎಂಬ ಫೋಲ್ಡರಿನಲ್ಲಿ ಎಲ್ಇಡಿ ಎಂಬುದೊಂದಿದೆ, ಅದರೊಳಗೆ ಎರರ್ ಎಂಬ ಹೆಸರಿನಲ್ಲಿ ಈ ಕೆಂಪು ದೀಪ ಕೂತಿದೆ. ಆ ಫೈಲಿಗೆ ಒಂದು ಎಂದು ಬರೆದರೆ ದೀಪ ಹತ್ತುತ್ತದೆ, ಸೊನ್ನೆ ಬರೆದರೆ ಆರುತ್ತದೆ, ಇಂಗ್ಲಿಷಿನ ಎಫ್ ಬರೆದರೆ ಮಿಣುಕುತ್ತದೆ. ಅಷ್ಟೇ. ಬರೆದವರು ಯಾರು ಎಂದು ದೀಪ ಕೇಳುವುದಿಲ್ಲ. ಒಳಗೆ ಬಿಸಿಯಾಗಿದೆ ಎಂದು ಯಂತ್ರ ಬರೆದರೂ ಅದು ಮಿಣುಕುತ್ತದೆ, ಮನುಷ್ಯ ಸುಮ್ಮನೆ ಬರೆದರೂ ಮಿಣುಕುತ್ತದೆ. 'ಶಾಂತಿ' ಎಂಬ ಆದೇಶ ಮಾಡುತ್ತಿದ್ದುದು ಇಷ್ಟು: ಆರು ತಾಸಿನವರೆಗೆ ಸೆಕೆಂಡಿಗೆ ಹತ್ತು ಸಲ ಆ ಫೈಲಿಗೆ ಸೊನ್ನೆ ಬರೆಯುವುದು. ಯಂತ್ರ ಎಷ್ಟು ಬಡಿದುಕೊಂಡರೂ ದೀಪ ಹತ್ತಬಾರದು.

ಆ ಎಂಜಿನಿಯರ್ ಚಾಲಾಕಿ. ನಾಳೆ ತನ್ನ ತಲೆಗೆ ಬರಬಾರದೆಂದು, ಯಾವ ದಿನ ಎಷ್ಟು ಹೊತ್ತಿಗೆ ಶಾಂತಿ ಮಾಡಿದರು ಎನ್ನುವುದನ್ನು ಬೇರೊಂದು ಕಡೆ ತಾನಾಗಿಯೇ ಬರೆದುಕೊಳ್ಳುವ ಹಾಗೆ ಮಾಡಿಟ್ಟಿದ್ದ. ಬಸವಂತ್ರಾಯನಿಗೆ ಅದು ಗೊತ್ತೇ ಇರಲಿಲ್ಲ. ನಾನು ಎರಡು ವರ್ಷದ ಹಿಂದಕ್ಕೆ ಹೋದೆ. ಮೇ ಒಂಬತ್ತು, ಬೆಳಿಗ್ಗೆ ಹತ್ತೂ ಕಾಲು. ಮೇ ಒಂಬತ್ತು, ಸಂಜೆ ನಾಲ್ಕೂವರೆ. ಮೇ ಹತ್ತು, ಬೆಳಿಗ್ಗೆ ಹತ್ತು. ಮೇ ಹತ್ತು, ಸಂಜೆ ನಾಲ್ಕೂ ಇಪ್ಪತ್ತು. ಮೇ ಹನ್ನೊಂದು, ಬೆಳಿಗ್ಗೆ ಹತ್ತು.

ಹನ್ನೆರಡಕ್ಕೆ ಅಪ್ಪ ಅಲ್ಲಿಗೆ ಹೋಗಿದ್ದ. ಅಂದರೆ ಅವನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಬಿಸಿಲು ತಾಗದ ಹಾಗೆ ಊರ ತನಕ ಕಾಪಾಡಿಕೊಂಡು ಬಂದದ್ದು ಆಗಲೇ ಸತ್ತಿದ್ದ ಔಷಧವನ್ನು. ಕುರ್ಚಿ ಎತ್ತಿ ಆ ಪರದೆಗೆ ಬಡಿಯಬೇಕು ಅನಿಸಿತು. ಬಡಿಯಲಿಲ್ಲ, ಸಾಮಾನು ಕಟ್ಟಿಕೊಂಡು ಹೊರಬಂದೆ.

ಆ ತಾರೀಖುಗಳನ್ನು ಹಾಳೆಯ ಮೇಲೆ ಮುದ್ರಿಸಿ ಸಂಘದ ಅಧ್ಯಕ್ಷರಿಗೆ ಕೊಡಬಹುದಿತ್ತು. ಅದರಿಂದ ಏನಾಗುತ್ತಿತ್ತು? ಕೋಣೆಯೊಳಗೆ ಆ ದಿನ ಎಷ್ಟು ಬಿಸಿಯಿತ್ತು ಎಂಬ ಲೆಕ್ಕ ಮೂರು ತಿಂಗಳಿಗೊಮ್ಮೆ ಅಳಿದುಹೋಗುತ್ತದೆ, ಅದು ಸಿಗುವುದಿಲ್ಲ. ದೀಪ ಆರಿಸಿದ್ದು ಹೌದು, ದೀಪವೇ ಕೆಟ್ಟಿತ್ತು ಎಂದು ಅವನು ಕೈ ತೊಳೆದುಕೊಳ್ಳುತ್ತಿದ್ದ. ಊರಲ್ಲಿ ಒಂದು ಕಾಗದ ಓದಿ ಅಪ್ಪನ ಹೆಸರು ಕೆಡಿಸಿದ್ದರು, ಇನ್ನೊಂದು ಕಾಗದ ಓದಿದರೆ ಬರೀ ವಾದವಾಗುತ್ತಿತ್ತು. ಕುರಿಗಾರರು ಕಣ್ಣಿಂದ ನೋಡಬೇಕು. ಅವನು ಕೈಯಾರೆ ದೀಪ ಆರಿಸುವುದನ್ನು, ಆರಿಸಿ ನಗುವುದನ್ನು, ನಕ್ಕು ಔಷಧ ಕೊಡುವುದನ್ನು ಎಲ್ಲರೂ ನೋಡಬೇಕು. ಅದಾದ ಮೇಲೆ ಬಾಯಿ ಬಿಡಿಸುವುದು ನನ್ನ ಕೆಲಸ.

ಲಸಿಕೆ ಹಂಚುವ ದಿನ ಮೇ ಇಪ್ಪತ್ತು ಎಂದು ಗೊತ್ತಾಯಿತು. ಆ ಹೊತ್ತಿಗೆ ಹುಣಸಗಿಯ ಆಚೆಯ ಒಂದೆರಡು ಹಟ್ಟಿಗಳಲ್ಲಿ ಹಿರೇಬ್ಯಾನಿ ಕಾಣಿಸಿಕೊಂಡಿದೆ ಎಂಬ ಸುದ್ದಿಯಿತ್ತು, ಹಾಗಾಗಿ ಜನ ತಪ್ಪದೆ ಬರುತ್ತಿದ್ದರು. ಅಂದು ಯಂತ್ರ ಕೈಕೊಡಬಾರದು, ನಾನೇ ಬಂದು ನಿಂತಿರುತ್ತೇನೆ ಎಂದು ಬಸವಂತ್ರಾಯನಿಗೆ ಫೋನು ಮಾಡಿದೆ. "ಭಾಳ ಉಪಕಾರ ಆತು ನೋಡವ್ವ" ಎಂದ. ಅಪ್ಪನಿಗೆ, ಶಹಾಪುರದಲ್ಲಿ ಒಂದು ಭಾರದ ಬ್ಯಾಟರಿ ಎತ್ತಬೇಕಿದೆ, ಜೊತೆಗೆ ಬಾ ಎಂದೆ. ಎಲ್ಲಿಗೆ ಎಂದು ಹೇಳಲಿಲ್ಲ. ಸಂಘದ ಗೇಟಿನ ಮುಂದೆ ಆಟೋ ನಿಂತಾಗ ಅಪ್ಪ ನನ್ನ ಮುಖವನ್ನೇ ನೋಡಿದ. ಇಳಿದು, ಒಳಗೆ ಬರದೆ, ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕೂತ.

ಒಂಬತ್ತಕ್ಕೆ ನಾನು ಥಂಡಿ ಕೋಣೆಯೊಳಗೆ ಹೋಗಿ ಥರ್ಮಾಮೀಟರು ನೋಡಿದೆ. ನಾಲ್ಕು ಡಿಗ್ರಿ. ಔಷಧ ಹೇಗಿರಬೇಕೋ ಹಾಗೇ ಇತ್ತು. ಹೊರಗೆ ಬಂದು, ಹತ್ತೂವರೆಗೆ ಸರಿಯಾಗಿ ಆ ದೀಪದ ಫೈಲಿಗೆ ಎಫ್ ಎಂದು ಬರೆ ಎಂದು ಯಂತ್ರಕ್ಕೆ ಹೇಳಿಟ್ಟೆ.

ಹತ್ತು ಗಂಟೆಗೆಲ್ಲ ವರಾಂಡ ತುಂಬಿತು. ಸುರಪುರ, ಹುಣಸಗಿ, ಶಹಾಪುರ ಮೂರೂ ಕಡೆಯಿಂದ ಅರವತ್ತೆಪ್ಪತ್ತು ಜನ, ಎಲ್ಲರ ಕೈಯಲ್ಲಿ ಐಸ್ ಡಬ್ಬಿ. ನಮ್ಮೂರಿನವರು ಮುಂದಿನ ಸಾಲಿನಲ್ಲೇ ಇದ್ದರು. ಮಲ್ಲಾಬಾಯಿ ಹೇಗೋ ಮಾಡಿ ಮತ್ತೆ ಮೂವತ್ತು ಕುರಿ ಕಟ್ಟಿಕೊಂಡಿದ್ದಳು, ಅವುಗಳಿಗೆ ಔಷಧ ಒಯ್ಯಲು ತಾನೇ ಬಂದಿದ್ದಳು. ನನ್ನ ಗುರುತು ಹಿಡಿದು ಮುಖ ತಿರುಗಿಸಿದಳು.

ಮೊದಲ ಡಬ್ಬಿ ತುಂಬುತ್ತಿರುವಾಗ ಕೆಂಪು ದೀಪ ಮಿಣುಕತೊಡಗಿತು.

"ಏನ್ರೀ ಅದು, ಕೆಂಪಗ?" ಮಲ್ಲಾಬಾಯಿ ಕೇಳಿದಳು.

"ಏನಿಲ್ಲವ್ವ, ಅದರ ಚಾಳೀನೇ ಅದು. ಮಂದಿ ಕಂಡ್ರ ಕುಣೀತದ. ತಡೀರಿ, ಶಾಂತಿ ಮಾಡ್ತೀನಿ." ಬಸವಂತ್ರಾಯ ಎರಡು ಸಲ ಒತ್ತಿದ. ದೀಪ ಆರಿತು. "ನೋಡ್ರಿ, ಹೆಂಗ ಸುಮ್ಮನಾತು. ಬರ್ರಿ, ಡಬ್ಬಿ ತರ್ರಿ."

ಜನ ನಕ್ಕರು. ನಾನು ಕಾಯುತ್ತಿದ್ದುದು ಅದಕ್ಕೇ.

"ಸರ, ಕೆಂಪು ದೀಪ ಅಂದ್ರ ಒಳಗ ಬಿಸಿ ಆಗ್ಯಾದಂತ ಅರ್ಥ. ಒಳಗ ಹೋಗಿ ನೋಡಂಗಿಲ್ಲೇನ್ರಿ?" ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

"ಹದಿನೆಂಟು ವರ್ಷ ಆತವ್ವ ಇಲ್ಲಿ ಕುಂತು. ನನಗ ಗೊತ್ತಿಲ್ಲೇನು?"

"ಎರಡು ವರ್ಷದ ಹಿಂದನೂ ಹಿಂಗೇ ಶಾಂತಿ ಮಾಡೀರೇನ್ರಿ? ಮೇ ಒಂಬತ್ತಕ್ಕ ಎರಡು ಸಲ, ಹತ್ತಕ್ಕ ಎರಡು ಸಲ, ಹನ್ನೊಂದಕ್ಕ ಒಂದು ಸಲ?"

ಪರದೆಯನ್ನು ಜನರ ಕಡೆ ತಿರುಗಿಸಿ ಒಂದೊಂದೇ ತಾರೀಖು ಓದಿದೆ. ಓದಲು ಬರುವವರು ಮುಂದೆ ಬಂದು ನೋಡಿದರು. ಬಸವಂತ್ರಾಯನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ, ತುಟಿ ಮಾತ್ರ ನಗುವ ಆಕಾರದಲ್ಲೇ ಉಳಿದಿತ್ತು.

"ಮೇ ಹನ್ನೆರಡಕ್ಕ ಔಷಧ ಒಯ್ದಾಂವ ನಮ್ಮಪ್ಪ, ಬಾಲಪ್ಪ. ನಾ ಅವನ ಮಗಳು" ಎಂದೆ. ಈ ಒಂದು ವಾಕ್ಯವನ್ನು ಎರಡು ತಿಂಗಳು ಮನಸ್ಸಿನಲ್ಲೇ ತಿರುವಿ ಹಾಕಿದ್ದೆ. ಹೇಳಿದಾಗ ಬಾಯಿಗೆ ಬೆಲ್ಲ ಹಾಕಿದಷ್ಟು ಸಿಹಿಯಾಯಿತು.

ಸಿಹಿ ಬಹಳ ಹೊತ್ತು ಉಳಿಯಲಿಲ್ಲ. ನಾನು ಒಂದನ್ನು ಯೋಚಿಸಿಯೇ ಇರಲಿಲ್ಲ. ಮುಂದಿನ ಸಾಲಿನವನೊಬ್ಬ ತನ್ನ ಡಬ್ಬಿಯಲ್ಲಿದ್ದ ಔಷಧವನ್ನು ತೆಗೆದು ಮೇಜಿನ ಮೇಲಿಟ್ಟ.

"ಹಂಗಾದ್ರ ಇದೂ ಕೆಟ್ಟಿದ್ದೇ. ಈಗರ ಕೆಂಪು ದೀಪ ಹತ್ತಿದ್ದು ನಾವೇ ನೋಡೀವಿ. ಒಯ್ಯಂಗಿಲ್ಲ."

ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಡಬ್ಬಿಗಳ ಮುಚ್ಚಳ ಹಾಕಿಕೊಂಡು ಜನ ಗೇಟಿನ ಕಡೆ ತಿರುಗಿದರು. ಹಿರೇಬ್ಯಾನಿ ಹುಣಸಗಿಗೆ ಬಂದಾಗಿದೆ, ಇವರು ಔಷಧವಿಲ್ಲದೆ ಹೋಗುತ್ತಿದ್ದಾರೆ, ಔಷಧ ಚೆನ್ನಾಗಿಯೇ ಇದೆ, ಕೆಂಪು ದೀಪ ಹಚ್ಚಿದವಳು ನಾನು. ಹತ್ತು ದಿನದಲ್ಲಿ ಮತ್ತೆ ಹಟ್ಟಿಗಟ್ಟಲೆ ಕುರಿ ಸಾಯುತ್ತವೆ. ಈ ಸಲ ಕೊಂದವಳು ಬಾಲಪ್ಪನ ಮಗಳು ಎಂದಾಗುತ್ತದೆ.

ಸುಮ್ಮನಿದ್ದರೆ ಬಸವಂತ್ರಾಯ ಮುಗಿದುಹೋಗುತ್ತಿದ್ದ. ಸುಮ್ಮನಿರಬೇಕು ಅನಿಸಿದ್ದೂ ನಿಜ, ಸುಳ್ಳೇಕೆ ಹೇಳಲಿ.

"ನಿಂದರ್ರಿ!" ಎಂದು ಕೂಗಿದೆ. "ಔಷಧ ಚಲೋ ಐತಿ. ದೀಪ ನಾನೇ ಹಚ್ಚೀನಿ. ಒಳಗ ನಾಲ್ಕು ಡಿಗ್ರಿ ಐತಿ, ಬಂದು ನೋಡ್ರಿ. ಇವರು ದೀಪ ಆರಸೋದು ನೀವು ನೋಡ್ಲಿ ಅಂತ ನಾ ಬೇಕಂತ ಸುಳ್ಳು ದೀಪ ಹಚ್ಚಿದೆ."

ವರಾಂಡದಲ್ಲಿ ಗದ್ದಲ ನಿಂತಿತು. ಬಸವಂತ್ರಾಯನಿಗೆ ಜೀವ ಬಂತು.

"ಕೇಳಿದ್ರೇ? ತನ್ನ ಬಾಯಿಲೇ ಹೇಳಿದಳು. ಸುಳ್ಳು ದೀಪ ಹಚ್ಚಾಕಿ, ಸುಳ್ಳು ತಾರೀಖು ಬರ್ಯಾಂಗಿಲ್ಲೇನು? ಅಪ್ಪ ಹಂಗ, ಮಗಳು ಹಿಂಗ!"

ಜನ ನನ್ನನ್ನು ನೋಡಿದರು, ಅವನನ್ನು ನೋಡಿದರು. ಆಗ ಮಲ್ಲಾಬಾಯಿ ಸೊಂಟದ ಚೀಲ ಬಿಚ್ಚಿದಳು. ಕುರಿಗಾರರು ಬೀರಪ್ಪನ ಭಂಡಾರವನ್ನು, ಆ ಅರಿಶಿಣದ ಪುಡಿಯನ್ನು, ಎಲ್ಲಿ ಹೋದರೂ ಜೊತೆಗೆ ಒಯ್ಯುತ್ತಾರೆ. ಅದನ್ನು ಮುಟ್ಟಿ ಸುಳ್ಳು ಹೇಳಿದವರ ಹಟ್ಟಿ ಉಳಿಯುವುದಿಲ್ಲ ಎಂಬ ನಂಬಿಕೆ. ಅವಳು ಅಂಗೈಯಲ್ಲಿ ಭಂಡಾರ ಹಾಕಿಕೊಂಡು ನನ್ನ ಮುಂದೆ ಹಿಡಿದಳು.

"ದೀಪ ಗೀಪ ನನಗ ತಿಳಿಯಂಗಿಲ್ಲ. ಭಂಡಾರ ಮುಟ್ಟಿ ಹೇಳು."

ಮುಟ್ಟಿದೆ. "ಇವತ್ತಿನ ದೀಪ ಸುಳ್ಳು, ನಾನೇ ಹಚ್ಚೀನಿ, ತಪ್ಪು ನಂದು. ಇವತ್ತಿನ ಔಷಧ ಚಲೋ ಐತಿ. ಎರಡು ವರ್ಷದ ಹಿಂದಿನ ತಾರೀಖು ನಾ ಬರೆದಿದ್ದಲ್ಲ." ಹೇಳಿ ಬಸವಂತ್ರಾಯನ ಕಡೆ ತಿರುಗಿದೆ. "ನಾ ಮಾಡಿದ್ದು ನಾ ಹೇಳೀನ್ರಿ. ಈಗ ನಿಮ್ಮ ಪಾಳಿ."

ಮಲ್ಲಾಬಾಯಿಯ ಕೈ ಅವನ ಮುಂದೆ ಹೋಯಿತು. ಅವನು ಭಂಡಾರ ನೋಡಿದ. ಅವನ ಕೈ ಮೇಜಿನ ಅಂಚು ಬಿಟ್ಟು ಬರಲಿಲ್ಲ. ಆಗಲೇ ಅವನ ಮುಖ ಬಿಳಚಿಕೊಂಡದ್ದು.

"ಮುಟ್ರಿ" ಎಂದೆ. ನನ್ನ ದನಿಯಲ್ಲಿ ಕನಿಕರ ಇರಲಿಲ್ಲ, ಇರಬೇಕೆಂದು ನಾನು ಬಯಸಲೂ ಇಲ್ಲ.

"ಮುಟ್ಟಂಗಿಲ್ಲ" ಎಂದ, ಮೆಲ್ಲಗೆ. "ಕಂಪ್ರೆಸರ್ ಎರಡೂವರಿ ದಿನ ಬಂದ್ ಆಗಿತ್ತು. ದೀಪ ಹತ್ತಾಕತ್ತಿತ್ತು, ದೀಪಾನೇ ಕೆಟ್ಟದ ಅಂದ್ಕೊಂಡು ಆರಿಸಿದೆ. ಮೇ ಹನ್ನೊಂದಕ್ಕ ಬಾಗಿಲು ತೆಗದ್ರ ಒಳಗ ಬೆಚ್ಚಗಿತ್ತು. ರಿಪೇರಿ ಮಾಡಿಸಿದೆ. ಔಷಧ ಚೆಲ್ಲಬೇಕಿತ್ತು. ಚೆಲ್ಲಿದ್ರ ಯಾಕಂತ ಕೇಳತಿದ್ರು." ಮೇಜಿನ ಅಂಚು ನೋಡುತ್ತ ಹೇಳಿದ: "ಕೊಟ್ಟುಬಿಟ್ಟೆ."

"ಬಿಸಲಾಗ ಇಟ್ಟಾರ ಅಂತ ಬರದಿದ್ದು?"

"ಏನರ ಬರೀಬೇಕಿತ್ತಲ್ಲವ್ವ."

ಒಬ್ಬ ಅವನ ಕಾಲರ್ ಹಿಡಿದ. ನಾಲ್ಕೈದು ಜನ ಬಿಡಿಸಿದರು. ಅಧ್ಯಕ್ಷರಿಗೆ ಯಾರೋ ಫೋನು ಮಾಡಿದರು. ಅವನು ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ನಾನು ನಿಂತು ನೋಡಿದೆ, ಕಣ್ತುಂಬ ನೋಡಿದೆ. ಎರಡು ವರ್ಷ ಅಪ್ಪ ಅನುಭವಿಸಿದ್ದನ್ನು ಇವನು ಇನ್ನು ಮುಂದೆ ಅನುಭವಿಸುತ್ತಾನೆ ಎನ್ನುವುದೇ ನನಗೆ ಹಬ್ಬವಾಗಿತ್ತು.

ಗದ್ದಲ ಕೇಳಿ ಅಪ್ಪ ಎಷ್ಟೋ ಹೊತ್ತಿನಿಂದ ವರಾಂಡದ ಮೆಟ್ಟಿಲ ಮೇಲೆ ನಿಂತಿದ್ದ. ನಾನು ನೋಡಿರಲಿಲ್ಲ. ಮಲ್ಲಾಬಾಯಿ ನೋಡಿದಳು. ಜನ ದಾರಿ ಬಿಟ್ಟರು. ಆ ಮುದುಕಿ ಅವನ ಮುಂದೆ ಹೋಗಿ ನಿಂತಳು, ಕಣ್ಣಲ್ಲಿ ನೀರಿತ್ತು.

"ಯಪ್ಪಾ ಬಾಲಪ್ಪ, ನನ್ನ ನಾಲಿಗಿ ಸೇದಿಹೋಗಲಿ. ನಾಳಿ ನಮ್ಮ ಹಟ್ಟಿಗಿ ಬಾ. ನಿನ್ನ ಕೈಲೇ ಸೂಜಿ ಆಗಲಿ."

ನಾನು ಎರಡು ವರ್ಷ ಕಾದಿದ್ದ ಮಾತು ಅದು. ಅಪ್ಪನ ಮುಖ ಅರಳುತ್ತದೆ ಎಂದು ನೋಡುತ್ತ ನಿಂತೆ.

"ಬರಂಗಿಲ್ಲ" ಎಂದ ಅಪ್ಪ.

"ತಪ್ಪಾತಂತ ಎಲ್ಲಾರ ಮುಂದ ಹೇಳಾಕತ್ತೀನಲ್ಲೋ."

"ಅಲ್ಲಿ ಕುಂತಾನಲ್ಲ, ಅವ ನನಗ ಯಾರು? ಅವನ ಮಾರಿ ನಾ ಒಂದೇ ಸಲ ನೋಡೀನಿ. ಗುರ್ತಿಲ್ಲದ ಮನಷ್ಯಾ ತನ್ನ ಜೀವ ಉಳಿಸ್ಕೊಳ್ಳಾಕ ಸುಳ್ಳು ಬರದ. ಬರೀತಾನ." ಅಪ್ಪನ ದನಿ ಏರಲಿಲ್ಲ. "ನೀ ಯಾರು ಮಲ್ಲಾಬಾಯಿ? ಮೂವತ್ತು ವರ್ಷ ನನ್ನ ಕೈ ನೋಡಿದಾಕಿ. ನಿನ್ನ ಹಟ್ಟ್ಯಾಗ ಹುಟ್ಟಿದ ಅರ್ಧ ಮರಿ ನನ್ನ ಕೈಯಾಗ ಬಿದ್ದಾವ. ಒಂದು ಹಾಳಿ ಓದಿದ ಕೂಡ್ಲೇ ಕೈಗುಣ ಕೆಟ್ಟೈತಿ ಅಂದಿ. ಬಾಲಪ್ಪಾ, ಏನಾತು ಅಂತ ಒಂದು ಮಾತು ಕೇಳಲಿಲ್ಲ."

"ಕುರಿ ಮುಖ ನೋಡಿಯಾದ್ರೂ ಬಾರೋ."

"ಸೂಜಿ ನಿಮ್ಮ ಕೈಲೇ ಹಾಕ್ರಿ. ಹಾಕಾಕ ಬರದಿದ್ರ ಕಲೀರಿ. ನಾ ಬರಂಗಿಲ್ಲ."

ಅವನು ಮೆಟ್ಟಿಲಿಳಿದು ನಡೆದ. ಹಿಂದಿನಿಂದ ಮಲ್ಲಾಬಾಯಿ ಎರಡು ಸಲ ಕರೆದಳು. ತಿರುಗಲಿಲ್ಲ. ನಾನು ಚೀಲ ಎತ್ತಿಕೊಂಡು ಹಿಂದೆ ಓಡಿದೆ. ದಾರಿಯಲ್ಲೇ ಜಾಹೀದ ಸಾಹೇಬರ ಫೋನು ಬಂತು, ಸಂಘದಿಂದ ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಗಿರಾಕಿಯ ಯಂತ್ರದಲ್ಲಿ ಸುಳ್ಳು ದೀಪ ಹಚ್ಚುವವಳನ್ನು ತಾನು ಅಂಗಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದರು. ಬಹಳ ಬೇಜಾರಿನಿಂದಲೇ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಸುರಪುರದ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಅಪ್ಪ ಕಿಟಕಿಯ ಪಕ್ಕ ಕೂತ. ಊರು ದಾಟಿ ಹತ್ತಿಯ ಹೊಲಗಳು ಬಂದ ಮೇಲೆ ನಾನು ಬಾಯಿ ಬಿಟ್ಟೆ.

"ಅಪ್ಪಾ, ಅಷ್ಟು ಮಂದಿ ಮುಂದ ಕೈ ಮುಗದ್ರಲ್ಲ. ಇನ್ನೇನು ಬೇಕು ನಿನಗ? ಇವರ ಮ್ಯಾಲ ಯಾಕಿಷ್ಟು ಸಿಟ್ಟು? ಸುಳ್ಳು ಹೇಳಿದಾಂವ ಅವ."

ಅಪ್ಪ ಹೊಲಗಳನ್ನು ನೋಡುತ್ತಲೇ ಕೇಳಿದ.

"ಅವತ್ತ ಕಟ್ಟಿ ಮ್ಯಾಲಿಂದ ಮನಿಗಿ ಬಂದ ಮ್ಯಾಲ ನೀ ನನಗ ಏನು ಕೇಳಿದಿ, ನೆನಪೈತೇನು?"

ನೆನಪಿತ್ತು. ಈ ಕಥೆಯಲ್ಲಿ ಎಲ್ಲವನ್ನೂ ಹೇಳಿ ಅದೊಂದನ್ನು ನಾನು ನಿಮಗೆ ಹೇಳದೆ ಬಿಟ್ಟಿದ್ದೆ. ಆ ಸಂಜೆ ಅಪ್ಪ ಕಂಬಳಿ ಗೂಟಕ್ಕೆ ಹಾಕುವ ಮೊದಲೇ, ಹೊಸ್ತಿಲಲ್ಲೇ ತಡೆದು ಕೇಳಿದ್ದೆ: ಅಪ್ಪಾ, ಖರೆ ಹೇಳು, ಡಬ್ಬಿ ಬಿಸಲಾಗ ಇಟ್ಟಿದ್ದೇನು? ಏನಾಯಿತು ಎಂದು ಕೇಳದೆ, ಹಾಗೆ ಅನುಮಾನಿಸಿ ಕೇಳಿದ ಮೊದಲಿಗಳು ನಾನೇ. ಅವನು ಉತ್ತರ ಕೊಟ್ಟಿರಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದು ತಿಳಿದು, ವಾರಗಟ್ಟಲೆ ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಮಲ್ಲಾಬಾಯಿ ಹೊರಗಿನಾಕಿ, ಆಕಿ ಅಂದಿದ್ದು ಬಿಡು" ಎಂದ ಅಪ್ಪ.

ತಪ್ಪಾಯಿತು ಎಂದು ಹೇಳಬಹುದಿತ್ತು. ಬಾಯಿಯ ತನಕ ಬಂತು. ಆದರೆ ಒಂದು ತಾಸಿನ ಹಿಂದೆಯಷ್ಟೇ ಆ ಮಾತನ್ನು ಅಪ್ಪ ಹೇಗೆ ತಿರುಗಿಸಿ ಕೊಟ್ಟ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೆ. ಸುರಪುರದ ತನಕ ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ.